ಮೈಯೊಳಗಿನ ಸೀಸಕ್ಕೆ ನಕ್ಷೆ ಬರೆಯುವುದು ಹೇಗೆ

ನಾನು ಕಲಿತದ್ದು ಮಣ್ಣಿನ ನಕ್ಷೆ ಮಾಡುವ ಕೆಲಸ. ಚೌಕ ಚೌಕವಾಗಿ ಜಾಗ ಗುರುತಿಸಿ, ಮಣ್ಣು ತೆಗೆದು, ಲ್ಯಾಬಿಗೆ ಕಳಿಸಿ, ಬಂದ ಅಂಕಿಗೆ ಬಣ್ಣ ಹಚ್ಚುವುದು. ಆಮೇಲೆ ಆರೋಗ್ಯ ಸಮೀಕ್ಷೆ ಮಾಡುವ ತಂಡವೊಂದಕ್ಕೆ ಸೇರಿದೆ. ಅಲ್ಲಿ ಮಣ್ಣಿನ ಬದಲು ಜನರ ರಕ್ತ, ಮೂತ್ರ, ಕೂದಲು. ಮೊದಲ ವರ್ಷ ಮಕ್ಕಳ ರಕ್ತದ ಸೀಸಕ್ಕೆ ಒಂದು ನಕ್ಷೆ ಮಾಡಿದೆ. ನೋಡೋಕೆ ತುಂಬಾ ಚೆನ್ನಾಗಿತ್ತು. ಹಳದಿಯಿಂದ ಕೆಂಪಿಗೆ ನಯವಾಗಿ ತಿರುಗುವ ಬಣ್ಣ. ತಂಡದ ಹಿರಿಯ ಡಾಕ್ಟರ್ ಕನ್ನಡಕ ಏರಿಸಿಕೊಂಡು ಒಂದು ಜಾಗದ ಮೇಲೆ ಬೆರಳಿಟ್ಟರು. "ಇಲ್ಲಿ 6 ಅಂತಿದೆಯಲ್ಲಮ್ಮ, ಇದು ಕೆರೆ. ಕೆರೆ ಮಧ್ಯೆ ಯಾರ ಮಗು ಇದೆ?"

ಮಣ್ಣಿಗೆ ಬಳಸುವ ಲೆಕ್ಕವನ್ನೇ ಮಕ್ಕಳಿಗೂ ಬಳಸಿದ್ದೆ. ಎರಡು ಗುಂಡಿಗಳ ಮಧ್ಯದ ಮಣ್ಣಿನಲ್ಲಿ ಸೀಸ ಎಷ್ಟಿರಬಹುದು ಅಂತ ಅಂದಾಜು ಮಾಡಬಹುದು. ಎರಡು ಮನೆಗಳ ಮಧ್ಯದ ಬಯಲಿನಲ್ಲಿ ರಕ್ತ ಇರುವುದಿಲ್ಲ, ಅಲ್ವಾ? ಜೊತೆಗೆ ಮಣ್ಣು ಇದ್ದಲ್ಲೇ ಇರುತ್ತದೆ. ಜನ ಬೆಳಗ್ಗೆ ಎದ್ದು ಎಲ್ಲಿಗೋ ಹೋಗುತ್ತಾರೆ, ಇನ್ನೆಲ್ಲಿಂದಲೋ ಬಂದಿರುತ್ತಾರೆ. ಸೀಸ, ಪಾದರಸ, ಆರ್ಸೆನಿಕ್ಕಿನಂಥ ಭಾರ ಲೋಹಗಳ ನಕ್ಷೆಗೆ ಕೈ ಹಾಕುವವರಿಗೆ ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಇದರ ಸುತ್ತಲೇ ಇದೆ.

ಯಾವ ಲೋಹ, ಯಾವ ಪ್ರಶ್ನೆ

"ಭಾರ ಲೋಹಗಳ ನಕ್ಷೆ ಬೇಕು" ಅಂತ ಯಾರಾದರೂ ಬಂದರೆ ನಾನು ಮೊದಲು ಕೇಳುವುದು ಎರಡು ಮಾತು. ಯಾವ ಲೋಹ? ನಕ್ಷೆ ಕೈಗೆ ಬಂದ ಮರುದಿನ ಏನು ಮಾಡುತ್ತೀರಿ? ಎರಡನೆಯದಕ್ಕೆ ಉತ್ತರ ಸಿಗುವ ತನಕ ಒಂದು ಸೂಜಿಯನ್ನೂ ಬಿಚ್ಚಬೇಡಿ.

ಇಡೀ ಪ್ರದೇಶದ ಜನರ ಸರಾಸರಿ ಮಟ್ಟ ತಿಳಿಯಬೇಕಾದರೆ ಒಂದು ರೀತಿಯ ಸಮೀಕ್ಷೆ. ಅಮೆರಿಕದ 'ಎನ್‌ಹೇನ್ಸ್' ಅನ್ನುವ ದೇಶವ್ಯಾಪಿ ಆರೋಗ್ಯ ಸಮೀಕ್ಷೆ ಮಾಡಿಕೊಂಡು ಬಂದಿರುವುದು ಇದನ್ನೇ. 1976ರಿಂದ 1980ರ ಸುತ್ತಿನಲ್ಲಿ ಅಲ್ಲಿನವರ ರಕ್ತದಲ್ಲಿ ಸೀಸ ಸರಾಸರಿ 12.8 ಮೈಕ್ರೋಗ್ರಾಂ ಇತ್ತು, ಪ್ರತಿ ಡೆಸಿಲೀಟರಿಗೆ (ಇಲ್ಲಿ ರಕ್ತದ ಸೀಸಕ್ಕೆ ಕೊಡುವ ಅಂಕಿಯೆಲ್ಲ ಇದೇ ಅಳತೆಯಲ್ಲಿ). 1988ರಿಂದ 1991ರ ಸುತ್ತಿಗೆ ಅದು 2.8ಕ್ಕೆ ಇಳಿದಿತ್ತು. ಪೆಟ್ರೋಲಿನಿಂದ ಸೀಸ ತೆಗೆದದ್ದು ಇದಕ್ಕೆ ದೊಡ್ಡ ಕಾರಣ. ಎಲ್ಲಿ ಜಾಸ್ತಿ ಇದೆ ಅಂತ ಹುಡುಕುವುದು ಇನ್ನೊಂದು ರೀತಿ. ಮೂಲ ಆಗಲೇ ಗೊತ್ತಿದೆ, ಹಳೆಯ ಗಣಿಯೋ ಕರಗಿಸುವ ಕುಲುಮೆಯೋ, ಅದರ ಪ್ರಭಾವ ಎಷ್ಟು ದೂರ ಹೋಗಿದೆ ಅಂತ ನೋಡುವುದು ಮೂರನೆಯದು. ಮೂರಕ್ಕೂ ಒಂದೇ ಸಮೀಕ್ಷೆ ಸಾಕು ಅಂದುಕೊಂಡರೆ ಮೂರೂ ಕೆಡುತ್ತವೆ.

ಮೈ ಒಂದು ಕ್ಯಾಲೆಂಡರು

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ಸಮೀಕ್ಷೆಯ ಯೋಜನೆಗಳನ್ನು ಓದುವಾಗ ಜಾಸ್ತಿ ತಪ್ಪು ಕಂಡದ್ದು ಇಲ್ಲೇ.

ರಕ್ತ, ಮೂತ್ರ, ಕೂದಲು, ಉಗುರು ಒಂದೊಂದೂ ಬೇರೆ ಬೇರೆ ಕಾಲದ ಕತೆ ಹೇಳುತ್ತವೆ. ರಕ್ತಕ್ಕೆ ಬಂದ ಸೀಸದಲ್ಲಿ ಅರ್ಧ ಸುಮಾರು ಒಂದು ತಿಂಗಳಲ್ಲಿ ಅಲ್ಲಿಂದ ಹೋಗುತ್ತದೆ. ಸ್ವಲ್ಪ ಮೂತ್ರಕ್ಕೆ, ಸ್ವಲ್ಪ ಮೂಳೆಗೆ. ಮೂಳೆಗೆ ಹೋದದ್ದು ದಶಕಗಟ್ಟಲೆ ಕೂತಿರುತ್ತದೆ. ಹಾಗಾಗಿ ಇವತ್ತು ತೆಗೆದ ರಕ್ತ ಹೇಳುವುದು ಮುಖ್ಯವಾಗಿ ಕಳೆದ ಒಂದೆರಡು ತಿಂಗಳ ಸುದ್ದಿ, ಜೊತೆಗೆ ಮೂಳೆಯಿಂದ ಸೋರಿ ಬರುವ ಹಳೆಯ ಬಾಕಿ. ಬಸುರಿಯರಲ್ಲಿ ಈ ಬಾಕಿ ಇನ್ನೂ ಜಾಸ್ತಿ ಹೊರಬರುತ್ತದೆ, ಯಾಕೆಂದರೆ ಆಗ ಮೂಳೆ ಕರಗಿ ಕ್ಯಾಲ್ಸಿಯಂ ಕೊಡುತ್ತದೆ, ಸೀಸವೂ ಅದರ ಜೊತೆ ಇಳಿಯುತ್ತದೆ. ಬೇರೆ ಊರಲ್ಲಿ ಬಾಲ್ಯ ಕಳೆದು ಮದುವೆಯಾಗಿ ಬಂದ ಹೆಣ್ಣುಮಗಳ ರಕ್ತದಲ್ಲಿ ತವರಿನ ಸೀಸವೂ ಸ್ವಲ್ಪ ಇರಬಹುದು. ಅವಳ ಚುಕ್ಕೆಯನ್ನು ಗಂಡನ ಮನೆಯ ಮೇಲಿಟ್ಟು "ಈ ಬೀದಿಯಲ್ಲಿ ಸೀಸ ಇದೆ" ಅನ್ನುವ ಮೊದಲು ಅವಳು ಅಲ್ಲಿಗೆ ಬಂದು ಎಷ್ಟು ವರ್ಷವಾಯಿತು ಅಂತ ಕೇಳಿ.

ಇನ್ನೊಂದು ಮಾತು. ರಕ್ತದ ಸೀಸದಲ್ಲಿ ಶೇಕಡಾ 99ರಷ್ಟು ಕೆಂಪು ರಕ್ತಕಣಗಳಲ್ಲಿರುತ್ತದೆ. ಇಡೀ ರಕ್ತವನ್ನೇ ಅಳೆಯಬೇಕು. ಒಮ್ಮೆ ಒಂದು ತಂಡ ಬೇರೆ ಪರೀಕ್ಷೆಯಿಂದ ಉಳಿದ ಸೀರಂ (ಕಣಗಳನ್ನು ಬೇರೆ ಮಾಡಿದ ಮೇಲೆ ಉಳಿಯುವ ರಕ್ತದ ನೀರು) ಟ್ಯೂಬುಗಳನ್ನು ಪೆಟ್ಟಿಗೆಗಟ್ಟಲೆ ತಂದು "ಇದರಲ್ಲಿ ಸೀಸ ನೋಡಿಬಿಡಿ" ಅಂದಿತ್ತು. ಪಾಪ, ವಾಪಸ್ ಕಳಿಸಿದೆವು.

ಆರ್ಸೆನಿಕ್ ಇದಕ್ಕೆ ಉಲ್ಟಾ. ರಕ್ತದಲ್ಲಿ ನಿಲ್ಲುವುದೇ ಇಲ್ಲ, ಕೆಲವೇ ದಿನಗಳಲ್ಲಿ ಮೂತ್ರದಲ್ಲಿ ಹೋಗಿಬಿಡುತ್ತದೆ. ಆದ್ದರಿಂದ ಮೂತ್ರ ತೆಗೆಯಿರಿ. ಆದರೆ ಸಮುದ್ರದ ಮೀನು, ಸಿಗಡಿ ತಿಂದವರ ಮೂತ್ರದಲ್ಲಿ ಆರ್ಸೆನೊಬೀಟೈನ್ ಅನ್ನುವ ರೂಪ ತುಂಬಾ ಬರುತ್ತದೆ. ಅದರಿಂದ ಅಪಾಯ ಇಲ್ಲ. ಒಟ್ಟು ಆರ್ಸೆನಿಕ್ ಮಾತ್ರ ಅಳೆದರೆ ಕರಾವಳಿಯೆಲ್ಲ ಕೆಂಪಾಗಿ ಕಾಣುತ್ತದೆ, ಸುಮ್ನೆ ಗಾಬರಿ. ರೂಪಗಳನ್ನು ಬೇರೆ ಬೇರೆ ಮಾಡಿ ಅಳೆಯುವ ಲ್ಯಾಬು ಹುಡುಕಿ. ಆಗದಿದ್ದರೆ ಮಾದರಿ ಕೊಡುವ ಮೊದಲು ಮೂರು ನಾಲ್ಕು ದಿನ ಸಮುದ್ರದ ಆಹಾರ ಬಿಡಲು ಹೇಳಿ.

ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಹತ್ತರಿಂದ ಮೂವತ್ತು ವರ್ಷ ಕೂರುವ ಆಸಾಮಿ. ಮೂತ್ರದಲ್ಲಿ ಅಳೆದರೆ ಜೀವಮಾನದ ಲೆಕ್ಕ ಸಿಗುತ್ತದೆ, ರಕ್ತದಲ್ಲಿ ಅಳೆದರೆ ಇತ್ತೀಚಿನ ತಿಂಗಳುಗಳದ್ದು. ಸಿಗರೇಟು ಸೇದುವವರಲ್ಲಿ ಜಾಸ್ತಿ, ಕಬ್ಬಿಣಾಂಶ ಕಡಿಮೆ ಇರುವ ಹೆಂಗಸರಲ್ಲೂ ಜಾಸ್ತಿ. ಈ ಎರಡನ್ನೂ ಕೇಳದೆ ಬಿಟ್ಟರೆ ನೀವು ಮಾಡಿದ್ದು ಸಿಗರೇಟಿನ ನಕ್ಷೆ.

ಪಾದರಸಕ್ಕೆ ಎರಡು ದಾರಿ. ಮೀನಿನಿಂದ ಬರುವ ಮೀಥೈಲ್ ಪಾದರಸಕ್ಕೆ ಕೂದಲು ಅಥವಾ ರಕ್ತ. ಚಿನ್ನ ತೆಗೆಯುವವರು ಉಸಿರಾಡುವ ಪಾದರಸದ ಹಬೆಗೆ ಮೂತ್ರ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ನೆತ್ತಿಗೆ ಹತ್ತಿರದ ತುದಿಯನ್ನು ದಾರದಿಂದ ಕಟ್ಟಿ ಗುರುತು ಮಾಡಿಕೊಂಡರೆ, ಸೆಂಟಿಮೀಟರಿಗೊಂದು ತುಂಡು ಕತ್ತರಿಸಿ ತಿಂಗಳು ತಿಂಗಳಿನ ಲೆಕ್ಕ ಓದಬಹುದು. 1971-72ರಲ್ಲಿ ಇರಾಕಿನಲ್ಲಿ ಬಿತ್ತನೆಗೆಂದು ಪಾದರಸದ ಔಷಧಿ ಹಚ್ಚಿದ್ದ ಧಾನ್ಯದಿಂದ ಜನ ರೊಟ್ಟಿ ಮಾಡಿ ತಿಂದು 6,530 ಮಂದಿ ಆಸ್ಪತ್ರೆ ಸೇರಿದರು, ಅವರಲ್ಲಿ 459 ಮಂದಿ ತೀರಿಕೊಂಡರು. ಯಾರು ಯಾವಾಗ ಎಷ್ಟು ತಿಂದಿದ್ದರು ಅನ್ನುವುದನ್ನು ಆಮೇಲೆ ಉದ್ದ ಕೂದಲಿನ ತುಂಡುಗಳಿಂದಲೇ ಹಿಂದಕ್ಕೆ ಓದಿದರು. ದಾರ ಕಟ್ಟುವುದನ್ನು ಮರೆತರೆ ಯಾವುದು ಬುಡ, ಯಾವುದು ತುದಿ ಅಂತ ದೇವರಿಗೇ ಗೊತ್ತು. ನಾನು ಒಮ್ಮೆ ಮರೆತಿದ್ದೇನೆ. 40 ಜನರ ಕೂದಲು ಸರಾಸರಿ ತೆಗೆಯೋಕೆ ಮಾತ್ರ ಉಪಯೋಗಕ್ಕೆ ಬಂತು.

ಕೂದಲಿನಲ್ಲಿ ಸೀಸ, ಆರ್ಸೆನಿಕ್ ನೋಡಬೇಕು ಅಂತ ಆಸೆ ಹುಟ್ಟುತ್ತದೆ, ಸೂಜಿ ಬೇಡವಲ್ಲ. ಬೇಡ. ಹೊರಗಿನ ಧೂಳು, ಸ್ನಾನದ ನೀರು ಕೂದಲಿಗೆ ಅಂಟುತ್ತದೆ. ತೊಳೆದರೂ ಒಳಗಿನದ್ದು ಯಾವುದು ಹೊರಗಿನದ್ದು ಯಾವುದು ಅಂತ ನಂಬಿಕೆಯಿಂದ ಬೇರೆ ಮಾಡಲು ಆಗುವುದಿಲ್ಲ.

ಯಾರನ್ನು ಆರಿಸುವುದು

ಆಸ್ಪತ್ರೆಗೆ ಬಂದವರ ಅಂಕಿಯಿಂದ ನಕ್ಷೆ ಮಾಡಬೇಡಿ. ಅಲ್ಲಿಗೆ ಯಾರು ಬರುತ್ತಾರೋ ಅವರ ನಕ್ಷೆ ಅದು. ಹಳ್ಳಿ, ಬೀದಿಗಳ ಪಟ್ಟಿ ತೆಗೆದುಕೊಂಡು, ಜನಸಂಖ್ಯೆ ಜಾಸ್ತಿ ಇದ್ದ ಕಡೆಗೆ ಜಾಸ್ತಿ ಅವಕಾಶ ಸಿಗುವಂತೆ ಚೀಟಿ ಎತ್ತಿ 30 ಜಾಗ ಆರಿಸಿ. ಪ್ರತಿ ಜಾಗದಲ್ಲಿ ಮನೆಗಳ ಪಟ್ಟಿ ಮಾಡಿ ಮತ್ತೆ ಚೀಟಿ. ಸೀಸಕ್ಕಾದರೆ ಆರು ವರ್ಷದೊಳಗಿನ ಮಕ್ಕಳು. ಅವರ ಕೈ ಸದಾ ಬಾಯಲ್ಲಿರುತ್ತದೆ, ನುಂಗಿದ ಸೀಸದಲ್ಲಿ ಸುಮಾರು ಅರ್ಧದಷ್ಟನ್ನು ಅವರ ಹೊಟ್ಟೆ ಹೀರಿಕೊಳ್ಳುತ್ತದೆ. ದೊಡ್ಡವರದ್ದು ಹತ್ತನೇ ಒಂದು ಭಾಗ ಅಷ್ಟೇ.

30 ಜಾಗ, ಒಂದೊಂದರಲ್ಲಿ 10 ಮಕ್ಕಳು, ಒಟ್ಟು 300. ಇದರಿಂದ ಏನು ಹೇಳಬಹುದು? ಒಂದೇ ಬೀದಿಯ ಮಕ್ಕಳು ಒಬ್ಬರಂತೆ ಒಬ್ಬರು ಇರುವುದರಿಂದ 300ರ ತೂಕ ಸುಮಾರು 150ರಷ್ಟೇ ಅಂತ ಇಟ್ಟುಕೊಳ್ಳಿ. ಶೇಕಡಾ 20 ಮಕ್ಕಳಲ್ಲಿ ಜಾಸ್ತಿ ಸೀಸ ಸಿಕ್ಕಿದರೆ, ನಿಜವಾದ ಅಂಕಿ ಹೆಚ್ಚುಕಡಿಮೆ 14ರಿಂದ 26ರ ಒಳಗೆ ಎಲ್ಲೋ ಇದೆ. ಇಡೀ ಪ್ರದೇಶಕ್ಕೆ ಇದು ಸಾಕು. ಆದರೆ ಒಂದು ಹಳ್ಳಿಯ 10 ಮಕ್ಕಳಲ್ಲಿ ಇಬ್ಬರಿಗೆ ಜಾಸ್ತಿ ಬಂದರೆ? ಅಲ್ಲಿಯ ನಿಜವಾದ ಅಂಕಿ ಶೇಕಡಾ 3 ಇರಬಹುದು, 55 ಇರಬಹುದು. ಆ ಹಳ್ಳಿಗೆ ಒಂದು ಬಣ್ಣ ಹಚ್ಚಿ ಪಕ್ಕದ ಹಳ್ಳಿಗೆ ಇನ್ನೊಂದು ಹಚ್ಚಲು ನಿಮಗೆ ಹಕ್ಕಿಲ್ಲ. ಹಳ್ಳಿಗೊಂದು ಉತ್ತರ ಬೇಕೆಂದರೆ ಹಳ್ಳಿಗೊಂದು ಸಮೀಕ್ಷೆಯಷ್ಟು ಕೆಲಸ ಬೇಕು.

ಬೆರಳು ತೊಳೆಯಿರಿ. ಮತ್ತೊಮ್ಮೆ ತೊಳೆಯಿರಿ

ಒಂದು ಸಮೀಕ್ಷೆಯಲ್ಲಿ ಒಂದು ಶಿಬಿರದ ಮಕ್ಕಳೆಲ್ಲ ಕೆಂಪು. ಒಬ್ಬ ಹುಡುಗನಿಗೆ 14. ನಾವೆಲ್ಲ ಸಂಜೆ ತನಕ ಸುತ್ತಲಿನ ಮೂಲ ಹುಡುಕುತ್ತಾ ಕೂತೆವು. ಮರುವಾರ ಅದೇ ಮಕ್ಕಳ ತೋಳಿನ ನರದಿಂದ ರಕ್ತ ತೆಗೆದರೆ ಆ ಹುಡುಗನಿಗೆ 4. ಏನಾಗಿತ್ತು ಅಂದರೆ, ಮಕ್ಕಳು ಹೊರಗೆ ಮಣ್ಣಿನಲ್ಲಿ ಗೋಲಿ ಆಡುತ್ತಿದ್ದರು. ಹೆಸರು ಕರೆದಾಗ ಓಡಿ ಬರುವುದು, ನಮ್ಮವರು ಹತ್ತಿಯಿಂದ ಬೆರಳ ತುದಿ ಒರೆಸಿ ಚುಚ್ಚುವುದು. ಉಗುರಿನ ಸಂದಿಯಲ್ಲಿದ್ದ ಧೂಳು ರಕ್ತದ ಹನಿಗೆ ಸೇರಿಕೊಂಡಿತ್ತು. ನಾವು ಅಳೆದದ್ದು ಮಗುವಿನ ರಕ್ತವನ್ನಲ್ಲ, ಅಂಗಳವನ್ನು.

ಅಂದಿನಿಂದ ನಮ್ಮ ಕ್ರಮ ಇದು. ಚುಚ್ಚುವ ಮೇಜಿನ ಪಕ್ಕದಲ್ಲೇ ಸೋಪು, ನೀರು. ತಂಡದವರೇ ಮಗುವಿನ ಕೈ ಹಿಡಿದು, ಉಗುರಿನ ಕೆಳಗೂ ಉಜ್ಜಿ ತೊಳೆಯುತ್ತಾರೆ. ತೊಳೆದ ಕೈ ಏನನ್ನೂ ಮುಟ್ಟದಂತೆ ಮೇಲೆತ್ತಿ ಹಿಡಿದುಕೊಳ್ಳಬೇಕು. ಮಕ್ಕಳಿಗೆ "ರಾಕೆಟ್ ಕೈ ಮಾಡು" ಅನ್ನುತ್ತೇವೆ, ಚೆನ್ನಾಗಿ ಮಾಡುತ್ತವೆ. ಆಮೇಲೆ ಸ್ಪಿರಿಟ್, ಒಣಗಲು ಬಿಟ್ಟು ಚುಚ್ಚುವುದು, ಮೊದಲ ಹನಿ ಒರೆಸಿಬಿಡುವುದು. ಬೆರಳಿನ ರಕ್ತದಲ್ಲಿ ಜಾಸ್ತಿ ಬಂದವರಿಗೆಲ್ಲ ನರದಿಂದ ತೆಗೆದು ಖಚಿತ ಮಾಡಿಕೊಂಡ ಮೇಲೆಯೇ ಚುಕ್ಕೆ ಇಡುವುದು.

ಲೋಹವಿಲ್ಲದ ಟ್ಯೂಬು ಅಂತಲೇ ಬರುತ್ತದೆ, ಕಡು ನೀಲಿ ಮುಚ್ಚಳದ್ದು. ಅದನ್ನೂ ನಂಬಬೇಡಿ. ಪ್ರತಿ ಲಾಟಿನಿಂದ ಒಂದಷ್ಟು ಟ್ಯೂಬುಗಳಿಗೆ ಶುದ್ಧ ಆಮ್ಲದ ನೀರು ಹಾಕಿ ಮೊದಲೇ ಲ್ಯಾಬಿಗೆ ಕಳಿಸಿ. ಮೂತ್ರದ ಡಬ್ಬಿಗೂ ಅಷ್ಟೇ. ಪುಡಿಯಿಲ್ಲದ ಕೈಗವಸು ಹಾಕಿ. ಶಿಬಿರದ ಜಾಗದಲ್ಲೇ ಖಾಲಿ ಟ್ಯೂಬೊಂದನ್ನು ತೆರೆದು, ಶುದ್ಧ ನೀರು ತುಂಬಿ, ಮಾದರಿಗಳ ಜೊತೆ ಹೆಸರು ಬದಲಿಸಿ ಕಳಿಸಿ. ಅದರಲ್ಲಿ ಸೀಸ ಬಂದರೆ ಆ ದಿನದ್ದೆಲ್ಲ ಅನುಮಾನವೇ.

ಮೂತ್ರಕ್ಕೆ ಇನ್ನೊಂದು ಕಾಟ: ನೀರು ಜಾಸ್ತಿ ಕುಡಿದವರದ್ದು ತೆಳು, ಬಿಸಿಲಲ್ಲಿ ದುಡಿದವರದ್ದು ಗಟ್ಟಿ. ಮೈ ಹೆಚ್ಚುಕಡಿಮೆ ಒಂದೇ ಸಮನೆ ಮೂತ್ರಕ್ಕೆ ಬಿಡುವ ಕ್ರಿಯಾಟಿನಿನ್ ಅನ್ನುವ ಕಸವನ್ನೂ ಅಳೆದು ಅದರ ಲೆಕ್ಕದಲ್ಲಿ ಹೇಳಬೇಕು. ಕ್ರಿಯಾಟಿನಿನ್ ಲೀಟರಿಗೆ 0.3 ಗ್ರಾಂಗಿಂತ ಕಡಿಮೆ ಅಥವಾ 3 ಗ್ರಾಂಗಿಂತ ಜಾಸ್ತಿ ಇದ್ದರೆ ಮತ್ತೊಂದು ಮಾದರಿ ಕೇಳಿ.

ಚುಕ್ಕೆ ಎಲ್ಲಿ ಇಡಬೇಕು

ಮೈಕ್ರೋಗ್ರಾಂ ಲೆಕ್ಕ ಲ್ಯಾಬು ನೋಡಿಕೊಳ್ಳುತ್ತದೆ. ಚುಕ್ಕೆಯ ಜಾಗ ಮಾತ್ರ ನಿಮ್ಮ ತಲೆ ಮೇಲಿದೆ.

ಮೊಬೈಲ್ ಫಾರ್ಮಿನಲ್ಲಿ "ಸ್ಥಳ ದಾಖಲಿಸಿ" ಗುಂಡಿ ಇತ್ತು. ನಮ್ಮ ಹುಡುಗರು ಶಿಬಿರದಲ್ಲೇ ಕೂತು ಒತ್ತಿದ್ದರು. ಮ್ಯಾಪ್ ತೆರೆದರೆ 61 ಮಕ್ಕಳು ಆರೋಗ್ಯ ಕೇಂದ್ರದ ಛಾವಣಿ ಮೇಲೆ ವಾಸವಾಗಿದ್ದರು. ಮನೆ ಬಾಗಿಲಲ್ಲಿ ನಿಂತೇ ಒತ್ತಬೇಕು, ಬಾಗಿಲಿನ ಒಂದು ಫೋಟೋ ತೆಗೆಯಬೇಕು ಅಂತ ಆಮೇಲೆ ನಿಯಮ ಮಾಡಿದೆವು.

ಮನೆ ಬಾಗಿಲೂ ಸಾಲದು. ನಾಲ್ಕು ವರ್ಷದ ಒಬ್ಬಳು ಹುಡುಗಿಗೆ 22 ಬಂತು. ನರದ ರಕ್ತ, ಎರಡು ಸಲ. ಅವಳ ಮನೆ ಹೊಸದು, ಗೋಡೆಗೆ ಬಣ್ಣ ಇಲ್ಲ, ಸುತ್ತಲಿನ ಮಕ್ಕಳಿಗೆ ಎರಡು ಮೂರು ಅಷ್ಟೇ. ಎಕ್ಸ್‌ಆರ್‌ಎಫ್ ಗನ್ (ಎಕ್ಸ್‌ರೇ ಬಿಟ್ಟು ಲೋಹ ಅಳೆಯುವ ಕೈಯಂತ್ರ) ಹಿಡಿದು ಅಂಗಳ, ಕಿಟಕಿ, ಆಟಿಕೆ, ಪಾತ್ರೆ ಎಲ್ಲದಕ್ಕೂ ಒತ್ತಿ ನೋಡಿದೆ. ಏನೂ ಇಲ್ಲ. ಅವರಮ್ಮ "ಮೇಡಂ, ನಿಮ್ಮ ಮಿಷಿನ್ನೇ ಸರಿ ಇಲ್ಲ ಕಾಣುತ್ತೆ" ಅಂದರು. ನನಗೂ ಹಾಗೇ ಅನ್ನಿಸತೊಡಗಿತ್ತು. ಸುಮ್ಮನೆ ಕೂತು ಹುಡುಗಿಯನ್ನೇ ಕೇಳಿದೆ.

"ಪುಟ್ಟಿ, ಬೆಳಗ್ಗೆ ಎದ್ದು ಎಲ್ಲಿಗೆ ಹೋಗ್ತೀಯ?"

"ಅಜ್ಜಿ ಮನೆಗೆ."

"ಅಲ್ಲಿ ಏನು ಮಾಡ್ತೀಯ?"

"ಮಾವನ ಹತ್ರ ಕೂರ್ತೀನಿ. ಮಾವ ಬೆಂಕಿ ಮಾಡ್ತಾನೆ."

ಎರಡು ಬೀದಿ ಆಚೆ. ಅಮ್ಮ ಕೆಲಸಕ್ಕೆ ಹೋದ ಮೇಲೆ ಸಂಜೆ ತನಕ ಅವಳು ಅಲ್ಲೇ. ಹಿತ್ತಿಲಲ್ಲಿ ಮಾವ ಹಳೆ ಬ್ಯಾಟರಿ ಒಡೆದು ಒಳಗಿನ ಸೀಸದ ತಟ್ಟೆ ಕರಗಿಸುತ್ತಿದ್ದ. ಅವಳು ಕೂರುವ ಜಾಗ ತೋರಿಸಿದಳು. ಒಂದು ಚಪ್ಪಟೆ ಕಲ್ಲು, ಕುಲುಮೆಯಿಂದ ನಾಲ್ಕು ಹೆಜ್ಜೆ. ಕಲ್ಲಿನ ಬುಡದ ಮಣ್ಣು ಬೂದಿಯಂತೆ ನುಣ್ಣಗಿತ್ತು, ಅದರಲ್ಲಿ ಅವಳ ಬೆರಳಿನಿಂದ ಎಳೆದ ಗೆರೆಗಳು, ಒಂದು ಮನೆ, ಒಂದು ಸೂರ್ಯ. ಗನ್ ಒತ್ತಿದರೆ ಅಂಕಿ ಸಾವಿರಗಳಲ್ಲಿ ಬಂತು.

ಅವಳ ಚುಕ್ಕೆ ಮನೆಯ ಮೇಲೆ ಇದ್ದಿದ್ದರೆ? ಹೊಸ ಬಡಾವಣೆಯಲ್ಲಿ ಒಂದು ಒಂಟಿ ಕೆಂಪು ಚುಕ್ಕೆ. ಯಾರಾದರೂ ಲೆಕ್ಕ ಸರಿ ಮಾಡುವ ನೆಪದಲ್ಲಿ ತೆಗೆದುಹಾಕುತ್ತಿದ್ದರು. ಈಗ ನಮ್ಮ ಫಾರ್ಮಿನಲ್ಲಿ ಮೂರು ಸ್ಥಳ ಇವೆ: ಮಲಗುವುದು ಎಲ್ಲಿ, ಹಗಲು ಕಳೆಯುವುದು ಎಲ್ಲಿ, ಈ ಊರಿಗೆ ಬರುವ ಮೊದಲು ಇದ್ದದ್ದು ಎಲ್ಲಿ. ಅದರ ಜೊತೆ ಮನೆಯಲ್ಲಿ ಯಾರು ಏನು ಕೆಲಸ ಮಾಡುತ್ತಾರೆ, ಕೆಲಸದ ಬಟ್ಟೆ ಎಲ್ಲಿ ಒಗೆಯುತ್ತಾರೆ, ಕುಡಿಯುವ ನೀರು ಯಾವ ಬಾವಿಯದ್ದು, ಕಾಡಿಗೆ ಹಚ್ಚುತ್ತಾರಾ, ನಾಟಿ ಔಷಧಿ ಕೊಡುತ್ತಾರಾ, ಸಿಗರೇಟು ಯಾರು ಸೇದುತ್ತಾರೆ. ಪ್ರಶ್ನೆಯನ್ನು ದೊಡ್ಡವರಿಗೆ ಕೇಳಿ, ಆಮೇಲೆ ಮಗುವಿಗೂ ಕೇಳಿ.

ಗಡಿಯ ವಿಷಯಕ್ಕೆ ಬಂದರೆ, ಅಮೆರಿಕದ ಫ್ಲಿಂಟ್ ಊರಿನ ಕತೆಯನ್ನು ನಾನು ಹೊಸಬರಿಗೆಲ್ಲ ಹೇಳುತ್ತೇನೆ. 2014ರ ಏಪ್ರಿಲಿನಲ್ಲಿ ಅಲ್ಲಿ ಕುಡಿಯುವ ನೀರಿನ ಮೂಲ ಬದಲಿಸಿದರು, ಪೈಪು ಕೊರೆಯದಂತೆ ಹಾಕಬೇಕಾದ ರಾಸಾಯನಿಕ ಹಾಕಲಿಲ್ಲ. ಹಳೆ ಪೈಪುಗಳ ಸೀಸ ನಲ್ಲಿಗೆ ಬಂತು. ಅಂಚೆಯ ಪಿನ್‌ಕೋಡ್ ಹಿಡಿದು ಮಕ್ಕಳ ರಕ್ತದ ಅಂಕಿ ನೋಡಿದರೆ ವಿಷಯ ಮಸುಕಾಗಿತ್ತು, ಯಾಕೆಂದರೆ ಊರಿನ ಗಡಿ ಬೇರೆ, ಪಿನ್‌ಕೋಡಿನ ಗಡಿ ಬೇರೆ. ಆ ಪಿನ್‌ಕೋಡುಗಳ ಎಷ್ಟೋ ಮನೆಗಳಿಗೆ ಆ ನೀರೇ ಬರುತ್ತಿರಲಿಲ್ಲ. ಮಕ್ಕಳ ವೈದ್ಯೆ ಮೋನಾ ಹನ್ನಾ-ಅಟೀಶಾ ಮತ್ತು ಅವರ ಜೊತೆಗಾರರು ಒಂದೊಂದೇ ವಿಳಾಸವನ್ನು ನಕ್ಷೆಗೆ ಇಳಿಸಿ, ಆ ನೀರು ಕುಡಿಯುವ ಮನೆಗಳನ್ನು ಬೇರೆ ಮಾಡಿದರು. ಆಗ ಕಂಡಿತು: 5 ಮೈಕ್ರೋಗ್ರಾಂ ದಾಟಿದ ಮಕ್ಕಳು ಶೇಕಡಾ 2.4ರಿಂದ 4.9ಕ್ಕೆ ಏರಿದ್ದರು. ನೀರಿನ ಪ್ರಶ್ನೆಗೆ ನೀರಿನ ಗಡಿ ಬೇಕು. ಹೊಗೆಯ ಪ್ರಶ್ನೆಗೆ ಗಾಳಿಯ ದಿಕ್ಕು. ಕಚೇರಿಯ ಗಡಿ ಯಾವುದಕ್ಕೂ ಹೊಂದುವುದಿಲ್ಲ.

ಲ್ಯಾಬು ಮತ್ತು ಅಂಕಿ

ಲ್ಯಾಬಿನ ಬಗ್ಗೆ ಚುಟುಕಾಗಿ. ಐಸಿಪಿ-ಎಂಎಸ್ ಯಂತ್ರ (ಪರಮಾಣುಗಳನ್ನು ತೂಕದ ಮೇಲೆ ಗುರುತಿಸುವಂಥದ್ದು) ಇದ್ದರೆ ಒಂದೇ ಮಾದರಿಯಲ್ಲಿ ಹಲವು ಲೋಹ ನೋಡಬಹುದು. ಆರ್ಸೆನಿಕ್ ಅಳೆಯುವಾಗ ಮೂತ್ರದ ಉಪ್ಪಿನಲ್ಲಿರುವ ಕ್ಲೋರಿನ್, ಯಂತ್ರದಲ್ಲಿ ಬಳಸುವ ಆರ್ಗಾನ್ ಅನಿಲದ ಜೊತೆ ಸೇರಿ 75 ತೂಕದ ಜೋಡಿ ಆಗುತ್ತದೆ. ಆರ್ಸೆನಿಕ್ಕಿನ ತೂಕವೂ 75. ಯಂತ್ರಕ್ಕೆ ಎರಡೂ ಒಂದೇ. ಇದನ್ನು ಹೇಗೆ ತಡೆಯುತ್ತೀರಿ ಅಂತ ಕೇಳಿ. ಉತ್ತರ ಥಟ್ಟನೆ ಬಂದರೆ ಒಳ್ಳೆಯ ಲ್ಯಾಬು. ಒಂದೇ ಮಾದರಿಯನ್ನು ಎರಡು ಹೆಸರಲ್ಲಿ ಕಳಿಸಿ ನೋಡುವುದೂ ಒಳ್ಳೆಯದು, ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಅಳತೆಯ ಘಟಕ ನೋಡಿ. ಒಮ್ಮೆ ಎರಡು ಲ್ಯಾಬುಗಳ ಎಕ್ಸೆಲ್ ಫೈಲು ಸೇರಿಸಿದೆ. ನಕ್ಷೆಯ ಅರ್ಧ ತಿಳಿ ಹಳದಿ, ಇನ್ನರ್ಧ ರಕ್ತಗೆಂಪು, ಮಧ್ಯೆ ರೂಲರ್ ಇಟ್ಟು ಎಳೆದಂಥ ಗೆರೆ. ಆ ಗೆರೆ ನಮ್ಮ ಎರಡು ತಂಡಗಳು ಕೆಲಸ ಹಂಚಿಕೊಂಡಿದ್ದ ಗಡಿ. ಒಂದು ಲ್ಯಾಬು ಡೆಸಿಲೀಟರಿಗೆ ಬರೆದಿತ್ತು, ಇನ್ನೊಂದು ಲೀಟರಿಗೆ. ಹತ್ತು ಪಟ್ಟು ವ್ಯತ್ಯಾಸ.

ಯಂತ್ರಕ್ಕೆ ಕಾಣದಷ್ಟು ಕಡಿಮೆ ಇದ್ದರೆ "ಇಷ್ಟಕ್ಕಿಂತ ಕಡಿಮೆ" ಅಂತ ಬರುತ್ತದೆ. ಅದನ್ನು ಸೊನ್ನೆ ಅಂತ ಬರೆಯಬೇಡಿ. ಅಂಥವು ಕೆಲವೇ ಇದ್ದರೆ ಆ ಮಿತಿಯನ್ನು 1.4ರಿಂದ ಭಾಗಿಸಿ ಹಾಕುವ ವಾಡಿಕೆ ಇದೆ. ಅರ್ಧಕ್ಕರ್ಧ ಹಾಗಿದ್ದರೆ ಸರಾಸರಿಯ ಆಸೆ ಬಿಟ್ಟು, ಎಷ್ಟು ಜನ ಮಿತಿ ದಾಟಿದ್ದಾರೆ ಅಂತ ಮಾತ್ರ ಹೇಳಿ.

ಸರಾಸರಿಯೂ ಮೋಸ ಮಾಡುತ್ತದೆ. ಒಂಬತ್ತು ಮಕ್ಕಳಿಗೆ 2, ಒಬ್ಬನಿಗೆ 40 ಅಂತಿಟ್ಟುಕೊಳ್ಳಿ. ಮಾಮೂಲಿ ಸರಾಸರಿ 5.8. ಅಷ್ಟು ಇರುವ ಮಗು ಒಂದೂ ಇಲ್ಲ. ಲೋಹದ ಅಂಕಿಗಳಿಗೆ ಗುಣೋತ್ತರ ಸರಾಸರಿ (ಅಂಕಿಗಳನ್ನು ಕೂಡುವ ಬದಲು ಗುಣಿಸಿ ತೆಗೆಯುವ ಸರಾಸರಿ) ಬಳಸುವುದು ರೂಢಿ, ಅದು 2.7 ಬರುತ್ತದೆ, ಊರಿನ ಸಾಮಾನ್ಯ ಮಗುವಿಗೆ ಹತ್ತಿರ. ಆದರೆ ಎರಡರಲ್ಲೂ 40ರ ಹುಡುಗ ಕಾಣೆ. ಅದಕ್ಕೇ ನಾನು ಯಾವಾಗಲೂ ಎರಡು ನಕ್ಷೆ ಮಾಡುತ್ತೇನೆ. ಒಂದು ಮಧ್ಯದವರದ್ದು, ಇನ್ನೊಂದು ಮೇಲಿನ ಶೇಕಡಾ 5ರವರದ್ದು. ಎರಡೂ ಒಂದೇ ಕಡೆ ಕೆಂಪಾದರೆ ಮೂಲ ಎಲ್ಲರಿಗೂ ಸೇರಿದ್ದು, ನೀರೋ ಗಾಳಿಯೋ. ಎರಡನೆಯದು ಮಾತ್ರ ಅಲ್ಲಲ್ಲಿ ಕೆಂಪಾದರೆ ಯಾರದೋ ಹಿತ್ತಿಲನ್ನು ಹುಡುಕಬೇಕು.

ಬಣ್ಣ ಹಚ್ಚುವ ಮೊದಲು

ಮಾದರಿ ತೆಗೆಯದ ಜಾಗವನ್ನು ಬಿಳಿ ಬಿಡಬೇಡಿ. ಬಿಳಿ ಅಂದರೆ ಜನ "ಇಲ್ಲಿ ಏನೂ ಇಲ್ಲ" ಅಂತ ಓದುತ್ತಾರೆ. ಬೂದು ಗೆರೆ ಹಾಕಿ, "ಅಳೆದಿಲ್ಲ" ಅಂತ ಬರೆಯಿರಿ. ಕಡಿಮೆ ಜನ ಇರುವ ಜಾಗಗಳೇ ಯಾವಾಗಲೂ ತೀರಾ ಕೆಂಪು ಅಥವಾ ತೀರಾ ತಿಳಿಯಾಗಿ ಕಾಣುತ್ತವೆ, ಒಂದು ಮಗು ಆಚೀಚೆ ಆದರೂ ಬಣ್ಣ ಬದಲಾಗುತ್ತದೆ. ಇದಕ್ಕೆ ಅಕ್ಕಪಕ್ಕದ ಜಾಗಗಳಿಂದ ಸ್ವಲ್ಪ ಬಲ ಸಾಲ ಪಡೆಯುವ ಲೆಕ್ಕ ಇದೆ, ಎಂಪಿರಿಕಲ್ ಬೇಯ್ಸ್ ಅಂತ. ಉಚಿತ ಸಾಫ್ಟ್‌ವೇರುಗಳಲ್ಲೇ ಸಿಗುತ್ತದೆ. ಬಳಸಿ. ಅದರ ಪಕ್ಕದಲ್ಲಿ ಅನುಮಾನ ಎಲ್ಲಿ ಜಾಸ್ತಿ ಅಂತ ತೋರಿಸುವ ಚಿಕ್ಕ ನಕ್ಷೆಯೊಂದನ್ನೂ ಇಡಿ.

ಮಣ್ಣು, ನೀರಿನ ನಕ್ಷೆಯನ್ನು ಬೇರೆ ಪದರವಾಗಿ ಮಾಡಿ, ಜನರ ಚುಕ್ಕೆ ಅದರ ಮೇಲೆ ಕೂರಲಿ. ನೀರಿನಲ್ಲೂ ನಯವಾದ ಬಣ್ಣ ಸುಳ್ಳು ಹೇಳಬಲ್ಲದು. ಬಾಂಗ್ಲಾದೇಶದಲ್ಲಿ 1998-99ರಲ್ಲಿ 3,534 ಕೊಳವೆಬಾವಿಗಳ ನೀರು ನೋಡಿದಾಗ, 150 ಮೀಟರಿಗಿಂತ ಕಡಿಮೆ ಆಳದವುಗಳಲ್ಲಿ ಶೇಕಡಾ 27ರಷ್ಟು ಬಾವಿಗಳು ಲೀಟರಿಗೆ 50 ಮೈಕ್ರೋಗ್ರಾಂ ಆರ್ಸೆನಿಕ್ ದಾಟಿದ್ದವು. ಅದು ಆ ದೇಶದ ಮಿತಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 10. ಒಂದು ಬಾವಿ ಕೆಟ್ಟದ್ದಾದರೆ ಕೂಗಳತೆಯ ಇನ್ನೊಂದು ಬಾವಿ ಚೆನ್ನಾಗಿರಬಹುದು, ಆಳ ಬೇರೆ ಇದ್ದರೆ ಸಾಕು. ಅದಕ್ಕೇ ಅಲ್ಲಿ ಪಂಪಿಗೇ ಬಣ್ಣ ಬಳಿದರು: ಕೆಟ್ಟ ನೀರಿಗೆ ಕೆಂಪು, ಒಳ್ಳೆಯದಕ್ಕೆ ಹಸಿರು. ನಾನು ನೋಡಿದ ನಕ್ಷೆಗಳಲ್ಲೆಲ್ಲ ಅದೇ ಉತ್ತಮ ಅನ್ನಿಸುತ್ತದೆ. ಓದಲು ಬಾರದವರಿಗೂ ಗೊತ್ತಾಗುತ್ತದೆ, ಕಂಪ್ಯೂಟರ್ ಬೇಡ.

ಬಣ್ಣದ ಮೆಟ್ಟಿಲುಗಳನ್ನು ಸಾಫ್ಟ್‌ವೇರ್ ಆರಿಸಲು ಬಿಡಬೇಡಿ. ಕೆಲಸಕ್ಕೆ ಸಂಬಂಧಪಟ್ಟ ಅಂಕಿಗಳಲ್ಲಿ ಕತ್ತರಿಸಿ. ಸೀಸಕ್ಕೆ 3.5 ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2021ರಿಂದ ಬಳಸುವ ಗುರುತು. 5 ದಾಟಿದರೆ ಮೂಲ ಹುಡುಕಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 45 ದಾಟಿದ ಮಗುವಿಗೆ ಸೀಸ ಹೊರಹಾಕುವ ಔಷಧಿಯ ವಿಚಾರ ಬರುತ್ತದೆ. ಮಿತಿಗಿಂತ ಕೆಳಗಿದೆ ಅಂದರೆ ಸುರಕ್ಷಿತ ಅಂತ ಅಲ್ಲ, ಸೀಸಕ್ಕೆ ಸುರಕ್ಷಿತ ಮಟ್ಟ ಅನ್ನುವುದೇ ಇಲ್ಲ. ಇದನ್ನು ನಕ್ಷೆಯ ಮೂಲೆಯಲ್ಲೇ ಬರೆಯಿರಿ.

ನಕ್ಷೆ ಯಾರ ಕೈಗೆ

ಮೊದಲು ರಕ್ತ ಕೊಟ್ಟವರಿಗೆ. ಪ್ರತಿ ಮನೆಗೂ ಅವರ ಅಂಕಿ, ಅದರ ಅರ್ಥ, ಮುಂದೆ ಏನು ಅಂತ ಬಾಯಲ್ಲಿ ಹೇಳಿ ಬನ್ನಿ. ಜಾಸ್ತಿ ಬಂದವರನ್ನು ಯಾವ ಡಾಕ್ಟರ ಹತ್ತಿರ ಕಳಿಸುವುದು ಅಂತ ಸೂಜಿ ಬಿಚ್ಚುವ ಮೊದಲೇ ಮಾತಾಡಿಕೊಂಡಿರಬೇಕು. ಹೊರಗೆ ಕೊಡುವ ನಕ್ಷೆಯಲ್ಲಿ ಮನೆಯ ಚುಕ್ಕೆ ಇರಬಾರದು. ಗುರುತು ಸಿಕ್ಕರೆ ಮನೆ ಬಾಡಿಗೆಗೆ ಹೋಗುವುದಿಲ್ಲ, ಮಗುವನ್ನು ಆಟಕ್ಕೆ ಸೇರಿಸುವುದಿಲ್ಲ. ಚುಕ್ಕೆಯನ್ನು ನೂರಿನ್ನೂರು ಮೀಟರ್ ಯಾವುದೋ ದಿಕ್ಕಿಗೆ ಸರಿಸಿ, ಮನೆಗಳು ದೂರ ದೂರ ಇದ್ದರೆ ಇನ್ನೂ ಜಾಸ್ತಿ. ಇಲ್ಲವೇ ಬಡಾವಣೆಯ ಮಟ್ಟದಲ್ಲಿ ಮಾತ್ರ ತೋರಿಸಿ. ಹೆಸರಿನ ಪಟ್ಟಿ ಒಂದು ಕಡೆ, ಅಂಕಿಯ ಪಟ್ಟಿ ಇನ್ನೊಂದು ಕಡೆ ಬೀಗದಲ್ಲಿರಲಿ.

ಔಷಧಿಗಿಂತ ಮೊದಲು ಮೂಲ ತೆಗೆಯಬೇಕು. 2010ರಲ್ಲಿ ನೈಜೀರಿಯಾದ ಜಾಂಫರಾದಲ್ಲಿ ಸೀಸವೂ ಇದ್ದ ಚಿನ್ನದ ಅದಿರನ್ನು ಮನೆಯಂಗಳದಲ್ಲೇ ಕುಟ್ಟಿ ನೂರಾರು ಮಕ್ಕಳು ಸೀಸದಿಂದ ಸತ್ತರು. ಅಲ್ಲಿ ಅಂಗಳಗಳ ಮಣ್ಣನ್ನು ಎಕ್ಸ್‌ಆರ್‌ಎಫ್‌ನಿಂದ ಅಳೆದು, ಕೆಟ್ಟ ಮಣ್ಣು ತೆಗೆದು, ಶುದ್ಧವಾದ ಹಳ್ಳಿಯ ಮಕ್ಕಳಿಗೆ ಚಿಕಿತ್ಸೆ ಕೊಟ್ಟರು. ಸೀಸದ ಅಂಗಳಕ್ಕೆ ವಾಪಸ್ ಹೋಗುವ ಮಗುವಿಗೆ ಔಷಧಿ ಕೊಟ್ಟು ಏನು ಪ್ರಯೋಜನ?

ಅಜ್ಜಿ ಮನೆಯ ಹಿತ್ತಿಲಿನ ಕುಲುಮೆ ಹೋಯಿತು, ಮೇಲಿನ ಮಣ್ಣು ತೆಗೆದು ಹೊಸ ಮಣ್ಣು ಹಾಕಿದರು. ಮೂರು ತಿಂಗಳ ನಂತರ ಹುಡುಗಿಯ ಅಂಕಿ 17. ಅವರಮ್ಮ "ಇಷ್ಟೆಲ್ಲ ಮಾಡಿ ಐದೇ ಇಳಿಯಿತಾ ಮೇಡಂ?" ಅಂತ ಕೇಳಿದರು. ಮೂಳೆಯ ಬಾಕಿ ಇನ್ನೂ ಬರುತ್ತಿದೆ, ನಿಧಾನವಾಗಿ ಇಳಿಯುತ್ತದೆ ಅಂತ ವಿವರಿಸಿದೆ. ನಮ್ಮ ನಕ್ಷೆಯಲ್ಲಂತೂ ಅವಳ ಚುಕ್ಕೆ ಕದಲಿರಲೇ ಇಲ್ಲ, 22ಕ್ಕೂ 17ಕ್ಕೂ ಒಂದೇ ಬಣ್ಣ. ಅದಕ್ಕೇ ಎರಡನೇ ಸುತ್ತಿಗೆ ಮಟ್ಟದ ನಕ್ಷೆಯ ಜೊತೆ ವ್ಯತ್ಯಾಸದ ನಕ್ಷೆಯೂ ಇರಲಿ. ಅದೇ ಜನ, ಅದೇ ಋತು, ಅದೇ ಲ್ಯಾಬು, ಮತ್ತು ಪ್ರತಿ ಚುಕ್ಕೆಗೆ ಏರಿದೆಯೋ ಇಳಿದಿದೆಯೋ ಅನ್ನುವ ಬಾಣ.